ಹೋಮ್ ಸಿಗದಿದ್ದರೂ ಒಳಗೆ ಬಿಟ್ಟ ಬಾಗಿಲು

ಬೆಳ್ತಂಗಡಿ
18 ಅಕ್ಟೋಬರ್ 2025

ಜಿತೇಶ್ ಅವರಿಗೆ,

'ಜಿತೇಶಣ್ಣ' ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ. ಲ್ಯಾಬಿನ ಮೇಲ್ ಎಲ್ಲವೂ ನಿಮ್ಮ ಕಣ್ಣು ದಾಟಿಯೇ ಮುಂದೆ ಹೋಗುವುದು. ಆದ್ದರಿಂದ ಈ ಕಾಗದವನ್ನು ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಸಂಕಪ್ಪಣ್ಣನ ಕೈಗೆ ಕೊಟ್ಟಿದ್ದೇನೆ. ನಮ್ಮ ಬ್ರಾಂಚಿನ ರಕ್ತದ ಸ್ಯಾಂಪಲ್ ಡಬ್ಬಿಯನ್ನು ದಿನಾ ಮೇನ್ ಲ್ಯಾಬಿಗೆ ತಲುಪಿಸುವವರು ಒಂದು ಲಕೋಟೆಯನ್ನೂ ತಲುಪಿಸಿಯಾರು.

ನನ್ನನ್ನು ಕೆಲಸದಿಂದ ತೆಗೆದ ಪತ್ರ ಬಂತು. "ಡಾಕ್ಟರರ ಪರಿಶೀಲನೆಯನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿ ಅವರ ಸಹಿಯನ್ನು ದುರುಪಯೋಗ ಮಾಡಿದ್ದಾರೆ" ಎಂದು ಅದರಲ್ಲಿ ಉಂಟು. ಅಂದರೆ ನಾನು ಕಳ್ಳಿ. ಅನುಭವ ಪತ್ರದಲ್ಲಿಯೂ ಇದೇ ಸಾಲು. ಇದನ್ನು ಹಿಡಿದುಕೊಂಡು ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಲಿ?

ಆಯುಧ ಪೂಜೆಯ ದಿನ ನಡೆದದ್ದು ನಿಮಗೆ ಗೊತ್ತಿಲ್ಲದ್ದಲ್ಲ. ನೀವೆಲ್ಲ ಮೂಡುಬಿದಿರೆಯ ಮೇನ್ ಲ್ಯಾಬಿನಲ್ಲಿ ಪೂಜೆಗೆ ಸೇರಿದ್ದಿರಿ. ಪ್ರತಿ ವರ್ಷದ ಹಾಗೆ ಬೆಳ್ತಂಗಡಿಯಲ್ಲಿ ನಾನೊಬ್ಬಳೇ. ಆಯುಧ ಪೂಜೆಗೆ ನಿಮ್ಮ ಡ್ಯೂಟಿ ನನಗೆ, ನಮ್ಮ ಪೆರ್ನಾಲ್ ಹಬ್ಬಕ್ಕೆ ನನ್ನ ಡ್ಯೂಟಿ ನಿಮಗೆ, ಅದು ನಮ್ಮೊಳಗಿನ ಒಪ್ಪಂದ. ಪೂಜೆಯ ಹೊತ್ತಿಗೆ ಆಯುಧ ಓಡಬಾರದು ಎಂದು ನೀವು ಸರ್ವರನ್ನು ಆಫ್ ಮಾಡಿ, ಒರೆಸಿ, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿದ್ದಿರಿ. ಮೂರು ಬ್ರಾಂಚಿನವರ 'ಹೋಮ್', ಅಂದರೆ ಒಬ್ಬೊಬ್ಬರ ಕೆಲಸ, ಕಟ್ಟುಪಾಡು ಎಲ್ಲ ಬರೆದಿಡುವ ಅವರವರ ಜಾಗ, ಇರುವುದು ಅದರೊಳಗೆ. ಪಾಸ್‌ವರ್ಡ್ ಸರಿಯಾ ಎಂದು ನೋಡುವುದು ಮಾತ್ರ ಆಯಾ ಬ್ರಾಂಚಿನ ಕಂಪ್ಯೂಟರ್.

ನಾನು ಪಾಸ್‌ವರ್ಡ್ ಹಾಕಿದೆ. ನಿಮ್ಮ ಹೋಮ್ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಆದರೂ ಒಳಗೆ ಬಿಟ್ಟಿತು. ಆರು ವರ್ಷವಾದರೂ ದಾಖಲೆಯಲ್ಲಿ ನಾನು ಇನ್ನೂ ಟ್ರೈನಿ. ನನ್ನ ರಿಪೋರ್ಟ್ ಮೊದಲು ಡಾಕ್ಟರ್ ಅನ್ನಪೂರ್ಣೇಶ್ವರಿ ಮೇಡಂ ಅವರ ಸ್ಕ್ರೀನಿಗೆ ಹೋಗಬೇಕು, ಅವರು ಒಪ್ಪಿದರೆ ಮಾತ್ರ ಪ್ರಿಂಟ್ ಆಗಬೇಕು. ಆ ಕಟ್ಟುಪಾಡು ಬರೆದಿಟ್ಟದ್ದು ನನ್ನ ಹೋಮಿನಲ್ಲಿ. ಹೋಮೇ ಇಲ್ಲದ ಮೇಲೆ ಕಟ್ಟುಪಾಡು ಎಲ್ಲಿಂದ ಬರಬೇಕು? ವೇಣೂರಿನ ವೆಂಕಪ್ಪಣ್ಣನ ರಿಪೋರ್ಟ್, ಕಂಪ್ಯೂಟರಿನಲ್ಲಿ ಇಟ್ಟಿರುವ ಮೇಡಂ ಅವರ ಸಹಿ ಸಮೇತ ನೇರ ಪ್ರಿಂಟ್ ಆಯಿತು. ಮೇಡಂ ಮೊಬೈಲಿನಲ್ಲೇ ನೋಡಿ ಒಪ್ಪಿರಬೇಕು ಎಂದುಕೊಂಡು ಕೊಟ್ಟುಬಿಟ್ಟೆ.

ಒಂದು ತಪ್ಪು ನನ್ನದೇ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಮಾಡುವ ಆ ಟೆಸ್ಟಿನಲ್ಲಿ ನಾಲ್ಕು ಪಾಯಿಂಟ್ ಎಂಟು ಬಂದದ್ದನ್ನು ಒಂದು ಪಾಯಿಂಟ್ ಎಂಟು ಎಂದು ಒತ್ತಿದೆ. ಕೀಬೋರ್ಡಿನಲ್ಲಿ ನಾಲ್ಕರ ಕೆಳಗೆ ಒಂದು. ಅದನ್ನು ನಂಬಿ, ರಕ್ತ ಸಾಕಷ್ಟು ತೆಳುವಾಗಿಲ್ಲ ಎಂದು ಅವರ ಡಾಕ್ಟರು ಮಾತ್ರೆ ಹೆಚ್ಚಿಸಿದರು, ವೆಂಕಪ್ಪಣ್ಣ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಮಂಗಳೂರಿನ ಆಸ್ಪತ್ರೆ ಸೇರಿದರು. ಬದುಕಿದರು, ಅಲ್ಲಾಹನ ದಯೆ. ನಾನು ಹೋಗಿ ಅವರ ಹೆಂಡತಿಯ ಹತ್ತಿರ ಬೈಸಿಕೊಂಡು ಬಂದಿದ್ದೇನೆ. ಆದರೆ ಸಹಿ ಕದ್ದವಳು ನಾನಲ್ಲ.

ಮತ್ತೆ, ಹೋಮ್ ಸಿಗಲಿಲ್ಲ ಎಂದು ಬಂದಾಗಲೇ ನಾನು ನಿಮಗೆ ಫೋನ್ ಮಾಡಿದ್ದೆ. ನೀವು ಎತ್ತಿದಿರಿ. ಏನು ಹೇಳಿದಿರಿ ಎಂಬುದು ನಿಮಗೆ ನೆನಪುಂಟು. ಮೇಡಂ ಎದುರು ಕೂರಿಸಿ ಕೇಳಿದಾಗ "ಫೋನ್ ಬಂದದ್ದೇ ಗೊತ್ತಾಗಲಿಲ್ಲ" ಎಂದಿರಿ.

ನನಗೆ ಕೆಲಸ ವಾಪಸ್ ಬೇಡ. ಆ ಒಂದು ಸಾಲು ತೆಗೆಸಿಕೊಡಿ.

ಶಬ್ನಾ

*

ಮೂಡುಬಿದಿರೆ
24 ಅಕ್ಟೋಬರ್ 2025

ಶಬ್ನಾ,

ನಿನ್ನ ಕಾಗದ ಸಿಕ್ಕಿತು. ಲಕೋಟೆಯನ್ನು ಸ್ಯಾಂಪಲ್ ಡಬ್ಬಿಯ ಮೇಲೆ ಇಟ್ಟು ಕಳಿಸುವ ಅಧಿಕಾರ ನಿನಗೆ ಈಗ ಇಲ್ಲ. ಇದೊಂದು ಸಲ ಸುಮ್ಮನಿದ್ದೇನೆ.

ಕಂಪ್ಯೂಟರ್ ತಾನೇ ಬರೆದಿಡುವ ಲಾಗ್ ಏನು ಹೇಳುತ್ತದೋ ಅದನ್ನೇ ನಾನು ಮೇಡಂಗೆ ಹೇಳಿದ್ದು. ಶಬ್ನಾ ಹೆಸರಿನಲ್ಲಿ, ಶಬ್ನಾ ಪಾಸ್‌ವರ್ಡಿನಲ್ಲಿ ಒಬ್ಬರು ಒಳಗೆ ಹೋಗಿದ್ದಾರೆ, ರಿಪೋರ್ಟ್ ಪ್ರಿಂಟ್ ಮಾಡಿದ್ದಾರೆ. ಒಂದಕ್ಷರ ಕೂಡಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ.

ಹೋಮ್ ಸಿಗದಿದ್ದರೆ ಒಳಗೆ ಬಿಡಬೇಕೋ ಬಿಡಬಾರದೋ ಎಂಬುದಕ್ಕೆ ಸೆಟ್ಟಿಂಗಿನಲ್ಲಿ ಒಂದು ಸಾಲು ಉಂಟು. 'ಬಿಡು' ಎಂದೇ ಅದು ಮೊದಲಿನಿಂದ ಇದ್ದದ್ದು. ನಾನು ಹಾಕಿದ್ದಲ್ಲ, ನಾನು ಮುಟ್ಟಿದ್ದೂ ಇಲ್ಲ. ನೀನು ಓದು ಬರಹ ಬಲ್ಲವಳು. ಹೋಮ್ ಸಿಗಲಿಲ್ಲ ಎಂದು ಕಣ್ಣೆದುರು ಬಂದ ಮೇಲೂ ಕೆಲಸ ಮುಂದುವರಿಸಿದ್ದು ಯಾರು? ಬೆರಳು ಜಾರಿದ್ದು ಯಾರದು? ಬೀದಿಯಲ್ಲಿ ಹೋಗುವವರಿಗೆ ನಾನು ಬಾಗಿಲು ತೆಗೆದಿಟ್ಟ ಹಾಗೆ ಬರೆಯುತ್ತೀಯಲ್ಲ, ಒಳಗೆ ನುಗ್ಗಿದವಳು ನೀನೇ.

ಫೋನ್ ವಿಷಯ. ಗಂಟೆ ಜಾಗಟೆಯ ನಡುವೆ ಅದು ಕಿಸೆಯಲ್ಲಿ ತಾನಾಗಿ ಎತ್ತಿಕೊಂಡಿರಬೇಕು. ನಾನು ಮಾತಾಡಿದ್ದು ನನಗೆ ನೆನಪಿಲ್ಲ.

ಜಿತೇಶ್
ಸಿಸ್ಟಮ್ ಅಡ್ಮಿನ್

*

ಬೆಳ್ತಂಗಡಿ
30 ಅಕ್ಟೋಬರ್ 2025

ಸಿಸ್ಟಮ್ ಅಡ್ಮಿನ್ ಅವರಿಗೆ,

ಹುದ್ದೆಯನ್ನು ಸಹಿಯ ಕೆಳಗೆ ಬರೆದದ್ದು ಒಳ್ಳೆಯದಾಯಿತು. ಯಾರಿಗೆ ಬರೆಯುತ್ತಿದ್ದೇನೆ ಎಂಬುದು ನನಗೂ ಸ್ಪಷ್ಟವಾಯಿತು.

ಮುಟ್ಟಿಲ್ಲ ಎನ್ನುವುದು ನಿಮ್ಮ ಹೆಮ್ಮೆಯಾ? ಬಾಗಿಲಿಗೆ ಬೀಗ ಹಾಕಲು ಸಂಬಳ ತೆಗೆದುಕೊಳ್ಳುವವರು ಬೀಗ ಮುಟ್ಟಿಯೇ ಇಲ್ಲ ಎಂದರೆ ಅದನ್ನು ನಮ್ಮಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ. ಉಮ್ಮ ಪಕ್ಕದಲ್ಲಿ ಕೂತಿದ್ದಾರೆ, ಹಾಗಾಗಿ ಬರೆಯುವುದಿಲ್ಲ.

ನೆನಪಿಲ್ಲ ಎನ್ನುತ್ತೀರಿ. ನಿಮಗೆ ನೆನಪಿನ ಶಕ್ತಿ ಕಡಿಮೆ ಎಂದು ನಾನು ಯಾವತ್ತೂ ಕಂಡಿಲ್ಲ. ನನಗೆ ಕಂಪ್ಯೂಟರ್ ಕಲಿಸಿದ್ದೇ ನೀವು. ಬೆಳ್ತಂಗಡಿಯ ಆ ಕಪ್ಪು ಮಿಷನ್ನಿನಲ್ಲಿ ಮೂರು ಬ್ರಾಂಚಿನ ಬ್ಯಾಕಪ್ ಇರುತ್ತದೆ, ಮೂಡುಬಿದಿರೆಗೆ ಏನಾದರೂ ಆದರೆ ಇದನ್ನು ತೆಗೆಯಲು ಇಲ್ಲಿಯೂ ಒಬ್ಬರಿಗೆ ಗೊತ್ತಿರಬೇಕು ಎಂದು ನನ್ನನ್ನು ಕೂರಿಸಿಕೊಂಡಿರಿ. ಅಭ್ಯಾಸಕ್ಕೆಂದು ಆ ಮಿಷನ್ನಿನೊಳಗೇ ನನಗೊಂದು ಬೇರೆ ಖಾತೆ ಮಾಡಿಕೊಟ್ಟಿರಿ. "ಇದು ನಿನ್ನ ಸ್ವಂತ ಮನೆ, ಮೂಡುಬಿದಿರೆ ಮುಳುಗಿದರೂ ಇದು ಇರ್ತದೆ, ಹೆದರದೆ ಒತ್ತು" ಎಂದಿರಿ. ಅಷ್ಟು ತಾಳ್ಮೆಯಿಂದ ಕಲಿಸಿದವರು ಒಂದು ಫೋನ್ ಕರೆಯನ್ನು ಹೇಗೆ ಮರೆಯುತ್ತೀರಿ ಎಂದು ನನಗೆ ಅರ್ಥವಾಗುವುದಿಲ್ಲ.

ನನ್ನ ತಮ್ಮ ನೌಫಲ್ ಹೇಳುತ್ತಾನೆ, ನಾವು ಈ ಜಾತಿಯವರಾದ ಕಾರಣ ಅಷ್ಟು ಬೇಗ ಕಳ್ಳರನ್ನಾಗಿ ಮಾಡಿದರು ಎಂದು. ನಾನು ಅವನ ಬಾಯಿ ಮುಚ್ಚಿಸಿದೆ. ಮುಚ್ಚಿಸಿದ್ದು ಸರಿಯಾ ಎಂದು ಇನ್ನೂ ಗೊತ್ತಾಗಿಲ್ಲ. ನೀವು ಹೇಳಿ.

ಶಬ್ನಾ

*

ಮೂಡುಬಿದಿರೆ
15 ನವೆಂಬರ್ 2025

ಶಬ್ನಾ,

ನಿನ್ನ ತಮ್ಮನ ಮಾತನ್ನು ಕಾಗದದಲ್ಲಿ ಬರೆದು ಕಳಿಸಿದ್ದು ಸಣ್ಣತನ. ಆರು ವರ್ಷ ನಿಮ್ಮ ಹಬ್ಬಕ್ಕೆ ಮೂಡುಬಿದಿರೆಯಿಂದ ಬೈಕಿನಲ್ಲಿ ಬಂದು ನಿನ್ನ ಕುರ್ಚಿಯಲ್ಲಿ ಕೂತವನು ನಾನು. ಅದಕ್ಕೆ ಈ ಮರ್ಯಾದೆ.

ನಿನಗೆ ಬೇಕಾದದ್ದು ಬೀಗ ತಾನೆ? ಹಾಕಿದ್ದೇನೆ. ಆ ಸಾಲನ್ನು ಮೂರು ಬ್ರಾಂಚಿನಲ್ಲಿಯೂ 'ಬಿಡಬೇಡ' ಎಂದು ಬದಲಾಯಿಸಿದ್ದೇನೆ. ಇನ್ನು ಹೋಮ್ ಸಿಗದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಯಾರಿಗೂ ಪ್ರವೇಶ ಇಲ್ಲ. ಟ್ರೈನಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಹಿಂದಿನಿಂದ ತೂರಿಕೊಳ್ಳುವ ದಾರಿಗಳನ್ನೂ ಮುಚ್ಚಿದ್ದೇನೆ. ಡಿಸ್ಕನ್ನು ಕಳಚಿ ಬೇರೆ ಕಡೆ ಹಾಕಿ ಓದಲೂ ಬರುವುದಿಲ್ಲ. ಮೇಡಂ ಮೀಟಿಂಗಿನಲ್ಲಿ ಎಲ್ಲರ ಎದುರು ಮೆಚ್ಚಿಕೊಂಡರು.

ಮೂರು ಬ್ರಾಂಚಿನ ಪಟ್ಟಿಯಿಂದ ನಿನ್ನ ಹೆಸರು ತೆಗೆದಾಗಿದೆ. ಇನ್ನು ಬರೆಯುವುದು ಬೇಡ.

ಜಿತೇಶ್

*

ಬಂಟ್ವಾಳ
12 ಜನವರಿ 2026

ಜಿತೇಶ್ ಅವರಿಗೆ,

ಬರೆಯಬಾರದು ಎಂದೇ ಇದ್ದೆ. ನೀವು ಹೇಳಿದ್ದಕ್ಕಲ್ಲ, ನನಗೇ ಸಾಕಾಗಿತ್ತು.

ಉಜಿರೆಯ ಒಂದು ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಕೊನೆಗೆ ಅನುಭವ ಪತ್ರ ಕೇಳಿದರು. ಓದಿದರು. ಓದಿದ ಹೆಂಗಸು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆಗೆ ಸರಿಸಿದರು. ಒಂದು ಮಾತು ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು. ಈಗ ಬಂಟ್ವಾಳ ಪೇಟೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದೇನೆ. ಮಾವನ ಮನೆಯಲ್ಲಿ ಇರುವುದು. ರಕ್ತ ತೆಗೆಯಲು ಕಲಿತ ಕೈಯಲ್ಲಿ ಚೂಡಿದಾರ್ ಮಡಚುತ್ತೇನೆ. ನಿಮಗೆ ಸಂತೋಷವಾಗಲಿ ಎಂದು ತಿಳಿಸಿದೆ.

ನಿಮ್ಮ ಹೊಸ ಬೀಗದ ಬಗ್ಗೆ ಒಂದು ಮಾತು. ಕಲಿಸಿದವರು ನೀವು, ಆದರೂ ಹೇಳುತ್ತೇನೆ. ನಿಮ್ಮ ಹೋಮ್ ಇರುವುದೂ ಆ ಸರ್ವರಿನಲ್ಲೇ. ಅದು ಬಿದ್ದ ದಿನ ನೀವೂ ಹೊರಗೇ. ಆಗ ಬಾಗಿಲು ತೆಗೆಯುವವರು ಯಾರು? ಮೊದಲು ಎಲ್ಲರಿಗೂ ತೆರೆದಿಟ್ಟಿರಿ, ಈಗ ಎಲ್ಲರಿಗೂ ಮುಚ್ಚಿದಿರಿ. ಎರಡು ಸಲವೂ ಒಳಗೆ ಕೂತು ಕೆಲಸ ಮಾಡುವವರ ಬಗ್ಗೆ ಯೋಚನೆ ಮಾಡಲಿಲ್ಲ.

ಶಬ್ನಾ

*

ಮೂಡುಬಿದಿರೆ
24 ಮಾರ್ಚ್ 2026

ಶಬ್ನಾ,

ನಿಮ್ಮ ಉಮ್ಮ ಪೆರ್ನಾಲಿನ ತಿಂಡಿ ಕಳಿಸಿದ್ದರು, ಪ್ರತಿ ವರ್ಷದ ಸ್ಟೀಲ್ ಡಬ್ಬಿಯಲ್ಲಿಯೇ. ಬೇಡ ಎಂದು ಹಿಂದೆ ಕಳಿಸಲು ಮನಸ್ಸು ಬರಲಿಲ್ಲ. ಡಬ್ಬಿಯನ್ನು ಸಂಕಪ್ಪಣ್ಣನ ಬಸ್ಸಿನಲ್ಲಿ ನಿಮ್ಮ ಬೆಳ್ತಂಗಡಿ ಮನೆಗೆ ಕಳಿಸಿದ್ದೇನೆ. ಖಾಲಿ ಕಳಿಸಬಾರದಲ್ಲ, ಹಲಸಿನ ಹಪ್ಪಳ ಉಂಟು.

ಈ ಸಲ ಆ ದಿನ ನನಗೆ ಬೆಳ್ತಂಗಡಿ ಡ್ಯೂಟಿ ಇರಲಿಲ್ಲ. ಸುಮ್ಮನೆ ತಿಳಿಸಿದೆ.

ಜಿತೇಶ್

*

ಬಂಟ್ವಾಳ
28 ಮಾರ್ಚ್ 2026

ಜಿತೇಶ್ ಅವರಿಗೆ,

ಉಮ್ಮ ನನ್ನನ್ನು ಕೇಳದೆ ಕಳಿಸಿದ್ದು. ಅವರ ಲೆಕ್ಕದಲ್ಲಿ ಜಗಳ ಬೇರೆ, ಹಬ್ಬ ಬೇರೆ. ನಾನು ಅಷ್ಟು ದೊಡ್ಡವಳಲ್ಲ. ಹಪ್ಪಳವನ್ನು ನೌಫಲ್ ತಿಂದ.

ಹಪ್ಪಳ ಹುರಿದ ಎಣ್ಣೆಯಲ್ಲಿ ನನ್ನ ಹೆಸರು ಬಿಳಿಯಾಗುವುದಿಲ್ಲ. ಆ ಸಾಲು ಹಾಗೆಯೇ ಉಂಟು.

ಶಬ್ನಾ

*

ಮೂಡುಬಿದಿರೆ
28 ಏಪ್ರಿಲ್ 2026

ಶಬ್ನಾ ಅವರಿಗೆ,

ಈ ಕಾಗದ ಬರೆಯಲು ನನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿಮಗೆ ಗೊತ್ತಾದರೆ ನಿಮಗೆ ಹೊಟ್ಟೆ ತುಂಬೀತು. ತುಂಬಲಿ. ನಿಮ್ಮ ನಂಬರಿನ ಬ್ಲಾಕ್ ತೆಗೆದು ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಆದ್ದರಿಂದ ಬಂಟ್ವಾಳ ಬ್ರಾಂಚಿನ ವಿಸ್ಮಿತಾಳ ಕೈಯಲ್ಲಿ ನಿಮ್ಮ ಅಂಗಡಿಗೇ ಕಳಿಸುತ್ತಿದ್ದೇನೆ.

ಶನಿವಾರದ ಸಿಡಿಲಿಗೆ ಮೂಡುಬಿದಿರೆಯ ಸರ್ವರ್ ಸುಟ್ಟುಹೋಯಿತು. ಡಿಸ್ಕುಗಳೂ ಹೋದವು. ಹೊಸ ಸರ್ವರ್ ತಂದಾಯಿತು, ಆದರೆ ಅದು ಖಾಲಿ, ಹಳೆಯ ಮಿಷನ್ನುಗಳು ಅದನ್ನು ಗುರುತು ಹಿಡಿಯುವುದೂ ಇಲ್ಲ. ಎಲ್ಲರ ಹೋಮ್, ಹಳೆಯ ರಿಪೋರ್ಟ್, ಎಲ್ಲದರ ಬ್ಯಾಕಪ್ ಇರುವುದು ಬೆಳ್ತಂಗಡಿಯ ಕಪ್ಪು ಮಿಷನ್ನಿನಲ್ಲಿ. ಅದರ ಎದುರು ಕೂತು ನನ್ನ ಪಾಸ್‌ವರ್ಡ್ ಹಾಕಿದರೆ, ಹೋಮ್ ಸಿಗಲಿಲ್ಲ, ಪ್ರವೇಶ ಇಲ್ಲ ಎನ್ನುತ್ತದೆ. ನಾನು ಹಾಕಿದ ಬೀಗ ನನ್ನನ್ನೇ ಹೊರಗೆ ಹಾಕಿದೆ. ನೀವು ಜನವರಿಯಲ್ಲಿ ಬರೆದಿದ್ದಿರಿ. ಓದಿ ಸಿಟ್ಟು ಬಂತೇ ಹೊರತು ಬುದ್ಧಿ ಬರಲಿಲ್ಲ. ಮಂಗಳೂರಿನಿಂದ ಬಂದ ರಿಪೇರಿಯವರು, ಎಲ್ಲ ಅಳಿಸಿ ಹೊಸದು ಮಾಡಬೇಕಷ್ಟೆ ಎಂದು ಹೇಳಿ ಹೋದರು.

ಆ ಮಿಷನ್ನಿನೊಳಗೇ ಹೋಮ್ ಇರುವ ಖಾತೆ ಒಂದೇ ಒಂದು, ನಿಮ್ಮ ಅಭ್ಯಾಸದ ಖಾತೆ. ಬ್ಯಾಕಪ್ ತೆಗೆಯುವ ಅಧಿಕಾರವೂ ಅದಕ್ಕೆ ಉಂಟು. ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯುವಾಗ ಅದು ನನಗೆ ಮರೆತೇ ಹೋಗಿತ್ತು. ಹಳೆಯ ಪಾಸ್‌ವರ್ಡ್ ಹಾಕಿ ನೋಡಿದೆ, ಆಗಲಿಲ್ಲ. ನೀವು ಬದಲಾಯಿಸಿದ್ದೀರಿ.

ಜನ ಹಳೆಯ ರಿಪೋರ್ಟಿಗಾಗಿ ಕೌಂಟರಿನಲ್ಲಿ ನಿಂತಿದ್ದಾರೆ. ವೇಣೂರಿನ ವೆಂಕಪ್ಪಣ್ಣನೂ ಬಂದಿದ್ದರು. ಅವರಿಗೆ ಒಂದು ಆಪರೇಷನ್ ಆಗಬೇಕಂತೆ, ಹಿಂದಿನ ಎಲ್ಲ ಟೆಸ್ಟಿನ ಅಂಕೆ ನೋಡದೆ ಡಾಕ್ಟರು ಕೈ ಹಾಕುವುದಿಲ್ಲವಂತೆ. ನನ್ನ ಕೆಲಸ ಹೋಗುವುದು ಹೇಗೂ ಹೋಗುತ್ತದೆ. ಪಾಸ್‌ವರ್ಡ್ ಕೊಡಿ. ನಿಮ್ಮ ಷರತ್ತು ಏನಿದ್ದರೂ ಬರೆಯಿರಿ.

ಜಿತೇಶ್

*

ಬಂಟ್ವಾಳ
29 ಏಪ್ರಿಲ್ 2026

ಜಿತೇಶ್ ಅವರಿಗೆ,

ಷರತ್ತು ಇಲ್ಲ. ವೆಂಕಪ್ಪಣ್ಣನ ಹೆಸರು ಓದಿದ ಮೇಲೆ ನನಗೆ ಚೌಕಾಸಿ ಮಾಡಲು ಬರುವುದಿಲ್ಲ. ಆ ಮನುಷ್ಯನ ಮೂಗಿನಿಂದ ಒಂದು ಸಲ ರಕ್ತ ಬರಿಸಿದ್ದು ಸಾಕು.

ಪಾಸ್‌ವರ್ಡ್ ಬದಲಾಯಿಸಿದ್ದು ನನ್ನ ಕೊನೆಯ ದಿನ. ಕೋಟು ಮತ್ತು ಬೀಗದ ಕೈ ಒಪ್ಪಿಸಲು ಬಂದಿದ್ದೆ. ರೂಮಿನಲ್ಲಿ ಯಾರೂ ಇರಲಿಲ್ಲ. ನನ್ನ ಟ್ರೈನಿ ಖಾತೆ ಆಗಲೇ ಸತ್ತಿತ್ತು, ಅಭ್ಯಾಸದ ಖಾತೆ ತೆರೆಯಿತು. ಏನು ಬೇಕಾದರೂ ಹಾಳು ಮಾಡಬಹುದಿತ್ತು. ಕಳ್ಳಿ ಎಂದ ಮೇಲೆ ಕದಿಯುವುದೇನು ಎಂಬ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಪಾಸ್‌ವರ್ಡ್ ಒಂದನ್ನು ಬದಲಾಯಿಸಿ ಎದ್ದು ಬಂದೆ. ಆಮೇಲೆ ಮುಟ್ಟಿಲ್ಲ.

ಅದನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಪಾಸ್‌ವರ್ಡನ್ನು ಬಸ್ಸಿನಲ್ಲಿ ಕಳಿಸಬಾರದು ಎಂದು ಕಲಿಸಿದ್ದೇ ನೀವು. ನಿನ್ನೆ ಸಂಜೆ ಮೇಡಂಗೆ ಫೋನ್ ಮಾಡಿದೆ. ನಾಳೆ ಬಂಟ್ವಾಳ ಬ್ರಾಂಚಿಗೆ ಬರುತ್ತಾರಂತೆ, ಅಂಗಡಿಗೇ ಬಂದು ಚೀಟಿ ತೆಗೆದುಕೊಂಡು ಹೋಗುತ್ತಾರಂತೆ. ಅಲ್ಲಿಂದ ನೇರ ಬೆಳ್ತಂಗಡಿಗೆ. ನೀವು ಕಪ್ಪು ಮಿಷನ್ನಿನ ಎದುರು ಕೂತಿರಿ. ಅವರು ಒಂದೊಂದೇ ಅಕ್ಷರ ಓದಿ ಹೇಳುತ್ತಾರೆ, ನೀವು ಒತ್ತಿ. ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರ, ನಡುವೆ ಜಾಗ ಇಲ್ಲ. ಸ್ವಲ್ಪ ಉದ್ದ ಉಂಟು. ಉದ್ದ ಇದ್ದಷ್ಟು ಒಳ್ಳೆಯದು ಎನ್ನುತ್ತಿದ್ದಿರಲ್ಲ.

ಅದೇನು ಎಂದು ನಾನು ಮೇಡಂಗೆ ಹೇಳಿಲ್ಲ. ನಿಮಗೆ ಅರ್ಧ ದಾರಿಯಲ್ಲಿ ಗೊತ್ತಾಗುತ್ತದೆ.

ಶಬ್ನಾ

*

ಬೆಳ್ತಂಗಡಿ
2 ಮೇ 2026

ಶಬ್ನಾ ಅವರಿಗೆ,

ಬಾಗಿಲು ತೆರೆಯಿತು. ಬ್ಯಾಕಪ್ ಪೂರ್ತಿ ಸಿಕ್ಕಿತು. ವೆಂಕಪ್ಪಣ್ಣನ ಅಂಕೆಗಳೆಲ್ಲ ಅದೇ ದಿನ ಡಾಕ್ಟರರ ಕೈ ಸೇರಿದವು.

ನೀವು ಮಾಡಿದ್ದನ್ನು ನಾನು ಕ್ಷಮಿಸುವುದಿಲ್ಲ. ಒಬ್ಬನನ್ನು ಹೀಗೆ ಕೂರಿಸಬಾರದು. ಮೇಡಂ ಕನ್ನಡಕ ಹಾಕಿಕೊಂಡು ನನ್ನ ಹೆಗಲ ಹಿಂದೆ ನಿಂತು ಅಕ್ಷರ ಓದುತ್ತಿದ್ದರು. ಮೊದಲ ಪದ ಮುಗಿದಾಗ ನನಗೆ ಏನೂ ಅನ್ನಿಸಲಿಲ್ಲ. ಎರಡನೆಯ ಪದದ ನಡುವೆ ಗೊತ್ತಾಯಿತು. ಕೈ ನಿಂತಿತು. "ಯಾಕೆ ಮಾರಾಯ, ನಾನು ಓದಿದ್ದು ಕೇಳಲಿಲ್ವಾ?" ಎಂದು ಮೇಡಂ ಮತ್ತೆ ಓದಿದರು. ಮುಂದಿನ ಅಕ್ಷರಗಳನ್ನು ಅವರು ಹೇಳುವ ಮೊದಲೇ ಒತ್ತಿದೆ. ಅದು ಅವರ ಗಮನಕ್ಕೆ ಬಂತು.

ಒಳಗೆ ಹೋದ ಕೂಡಲೇ ಸ್ಕ್ರೀನಿನ ಮೇಲೆ ನಿಮ್ಮ ಹೆಸರು ಬಂತು. ಮೇಡಂ ಅದನ್ನು ನೋಡಲಿಲ್ಲ, ಕೈಯಲ್ಲಿದ್ದ ಚೀಟಿಯ ಅಕ್ಷರಗಳನ್ನು ಕೂಡಿಸಿ ಓದಿಕೊಳ್ಳುತ್ತಿದ್ದರು.

"ಒಳಗೆ ಬಿಟ್ಟಿತಲ್ಲ ಮಾರಾಯ್ತಿ, ಸುಮ್ಮನೆ ಕೆಲಸ ಮಾಡು," ಎಂದು ಜೋರಾಗಿಯೇ ಓದಿದರು. ಆಮೇಲೆ ಕೇಳಿದರು, "ಇದು ಯಾರು ಯಾರಿಗೆ ಹೇಳಿದ್ದು?"

ಕಿಸೆಯಲ್ಲಿ ತಾನಾಗಿ ಎತ್ತಿಕೊಂಡ ಫೋನ್ ಅಷ್ಟು ಸರಿಯಾಗಿ ಮಾತಾಡುವುದಿಲ್ಲ. ಪೂಜೆಯ ದಿನ ಫೋನಿನಲ್ಲಿ ನಾನು ನಿಮಗೆ ಹೇಳಿದ್ದು ಎಂದೆ.

ಅವರು ಬೈಯಲಿಲ್ಲ. ನನ್ನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾವು ಕೂತು ನಿಮ್ಮ ಅನುಭವ ಪತ್ರವನ್ನು ಹೊಸದಾಗಿ ಟೈಪ್ ಮಾಡಿದರು. ಇದರ ಜೊತೆ ಇಟ್ಟಿದ್ದೇನೆ. ನಿಮಗೆ ಕೆಲಸ ವಾಪಸ್ ಉಂಟು ಎಂದು ತಿಳಿಸಲು ಹೇಳಿದ್ದಾರೆ. ನನ್ನದು ಈ ತಿಂಗಳ ಕೊನೆಯವರೆಗೆ.

ಅಭ್ಯಾಸದ ಖಾತೆಯನ್ನು ಏನು ಮಾಡಲಿ ಎಂದು ತಿಳಿಸಿ.

ಜಿತೇಶ್

*

ಬಂಟ್ವಾಳ
6 ಮೇ 2026

ಜಿತೇಶ್ ಅವರಿಗೆ,

ಪತ್ರ ಸಿಕ್ಕಿತು. ಆ ಸಾಲು ಇಲ್ಲ. ಎರಡು ಸಲ ಓದಿದೆ, ಆಮೇಲೆ ಉಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಅತ್ತರು. ನನಗೆ ಅಳು ಬರಲಿಲ್ಲ, ಹಸಿವಾಯಿತು.

ನಾನು ವಾಪಸ್ ಬರುವುದಿಲ್ಲ. ಉಜಿರೆಯ ಆ ಆಸ್ಪತ್ರೆಗೆ ಹೊಸ ಪತ್ರ ಹಿಡಿದು ಇನ್ನೊಮ್ಮೆ ಹೋಗುತ್ತೇನೆ. ಕಾಗದವನ್ನು ಎರಡು ಬೆರಳಲ್ಲಿ ಸರಿಸಿದ ಆ ಹೆಂಗಸಿನ ಎದುರೇ ಕೂರಬೇಕು.

ನೀವು ಕ್ಷಮಿಸುವುದಿಲ್ಲ ಎಂದು ಬರೆದಿದ್ದೀರಿ. ನಾನು ಕೇಳಿರಲಿಲ್ಲ.

ಖಾತೆಯನ್ನು ಅಳಿಸಿ. ಅದಕ್ಕೂ ಮೊದಲು ಅಡ್ಮಿನ್ ಆಗುವವರಿಗೆ ಎಲ್ಲ ಮಿಷನ್ನಿನಲ್ಲಿಯೂ ಒಂದೊಂದು ಹೋಮ್ ಒಳಗೇ ಮಾಡಿಡಿ, ನಿಮ್ಮ ಹಾಗೆ ಹೊರಗೆ ನಿಂತು ಅವರು ಕಾಗದ ಬರೆಯುವುದು ಬೇಡ. ಉಳಿದವರಿಗೆ 'ಬಿಡಬೇಡ' ಎಂದೇ ಇರಲಿ. ಅದು ನೀವು ಮಾಡಿದ ಒಳ್ಳೆಯ ಕೆಲಸ.

ಮತ್ತೆ, ಅಕ್ಟೋಬರಿನಲ್ಲಿ ಆ ಕೆಲಸದಲ್ಲಿ ಯಾರೇ ಇರಲಿ, ಅವರಿಗೆ ಬರೆದಿಟ್ಟು ಹೋಗಿ. ಸರ್ವರಿಗೆ ಮಾಲೆ ಹಾಕುವ ಮೊದಲು ಬೆಳ್ತಂಗಡಿಯಲ್ಲಿ ಒಬ್ಬಳೇ ಯಾರು ಕೂತಿದ್ದಾಳೆ ಎಂದು ಫೋನ್ ಮಾಡಿ ಕೇಳಬೇಕು. ಅವಳು ಫೋನ್ ಮಾಡಿದರೆ ಪೂಜೆ ನಿಲ್ಲಿಸಿ ಎತ್ತಬೇಕು.

ಶಬ್ನಾ